ಹಿತ್ತಲ ಆಲೂಗಡ್ಡೆ: ಮೊದಲ ಬೆಳೆಯನ್ನು ಯಾವಾಗ ನೆಡಬೇಕು?

ದಸರಾ ಕಳೆಯುತ್ತಿದ್ದಂತೆ ಹೊಸೂರು, ಥಳಿ, ದೆಂಕಣಿಕೋಟೆ, ತಾಳವಾಡಿ ಕಡೆಯ ಓದುಗರು ಪ್ರತಿ ವರ್ಷ ಒಂದೇ ಪ್ರಶ್ನೆ ಕೇಳುತ್ತಾರೆ: "ಹಿತ್ತಲಿಗೆ ಆಲೂಗಡ್ಡೆ ಈಗಲೇ ನೆಡಬಹುದೇ, ದೀಪಾವಳಿ ಕಳೆಯಲೇ?" ಎಲ್ಲರಿಗೂ ಬೇಕಾದದ್ದು ಒಂದು ತಾರೀಖು. ಕೊಡುವುದು ಕಷ್ಟವಲ್ಲ. ಆದರೆ ಥಳಿಗೆ ಹೊಂದುವ ತಾರೀಖು ಕೃಷ್ಣಗಿರಿಗೆ ಹೊಂದುವುದಿಲ್ಲ, ಹೋದ ವರ್ಷ ಸರಿಹೋದದ್ದು ಈ ವರ್ಷದ ಮಳೆಗೆ ಸರಿಹೋಗಬೇಕೆಂದೂ ಇಲ್ಲ. ಹಾಗಾಗಿ ತಾರೀಖನ್ನು ನೀವೇ ಲೆಕ್ಕ ಹಾಕಿಕೊಳ್ಳುವ ಬಗೆಯನ್ನು ಬರೆಯುತ್ತಿದ್ದೇನೆ.

ಬೇಗನೆಯ ಬೆಳೆ ಎಂದರೆ ಇಲ್ಲಿ 70ರಿಂದ 80 ದಿನದೊಳಗೆ, ಸಿಪ್ಪೆ ಇನ್ನೂ ತೆಳುವಾಗಿರುವಾಗಲೇ ಕಿತ್ತು ಅಡುಗೆಗೆ ಬಳಸುವ ಗಡ್ಡೆ. ಮೂಟೆ ಕಟ್ಟಿ ಮಂಡಿಗೆ ಕಳುಹಿಸುವವರು ಬೆಲೆಯನ್ನೂ ನೋಡಿಕೊಂಡು ನೆಡುತ್ತಾರೆ. ಹಿತ್ತಲಿನವರಿಗೆ ಆ ತಲೆನೋವಿಲ್ಲ.

ಶುರು ಮಾಡುವ ಮುನ್ನ ಒಂದು ಎಚ್ಚರಿಕೆ. ಮೊಬೈಲಿನಲ್ಲಿ ಕಾಣಸಿಗುವ ಆಲೂಗಡ್ಡೆ ವಿಡಿಯೋಗಳಲ್ಲಿ ಎಷ್ಟೋ ಚಳಿದೇಶಗಳವು. ಅಲ್ಲಿ ಹಿಮ ಕಳೆದು ಮಣ್ಣು 7–8 ಡಿಗ್ರಿ ಸೆಲ್ಸಿಯಸ್‌ಗೆ ಬೆಚ್ಚಗಾಗುವವರೆಗೆ ಕಾಯುತ್ತಾರೆ, ಅದಕ್ಕೇ ಮಾರ್ಚ್, ಏಪ್ರಿಲ್ ಎನ್ನುತ್ತಾರೆ. ನಾವು ಕಾಯಬೇಕಾದದ್ದು ಮಣ್ಣು ತಣಿಯಲಿ ಎಂದು. ಅವರ ತಿಂಗಳನ್ನು ನಂಬಿ ಹೊಸೂರಿನಲ್ಲಿ ಮಾರ್ಚ್‌ನಲ್ಲಿ ನೆಟ್ಟರೆ ಸೊಪ್ಪೇನೋ ಸೊಂಪಾಗಿ ಬರುತ್ತದೆ. ಬುಡ ಅಗೆದರೆ ಗೋಲಿ ಗಾತ್ರದ ನಾಲ್ಕು ಗಡ್ಡೆ ಸಿಗುತ್ತವೆ.

ಹೀಗಾಗುವುದಕ್ಕೆ ಕಾರಣವಿದೆ. ಆಲೂಗಡ್ಡೆ ಗಿಡದಲ್ಲಿ ಗಡ್ಡೆ ಕಟ್ಟುವುದು ಬೇರಿನಲ್ಲಲ್ಲ. ಮಣ್ಣಿನೊಳಗೆ ಬುಡದಿಂದ ಅಡ್ಡಲಾಗಿ ಓಡುವ ಬಿಳಿಯ ಎಳೆಗಳಿರುತ್ತವೆ; ಅವೂ ಕಾಂಡವೇ. ಅವುಗಳ ತುದಿ ಊದಿಕೊಂಡು ಗಡ್ಡೆಯಾಗುತ್ತದೆ. ಊದಿಕೊಳ್ಳಲು ರಾತ್ರಿ ತಂಪಾಗಿರಬೇಕು. ರಾತ್ರಿಯ ಕನಿಷ್ಠ ಉಷ್ಣಾಂಶ 20 ಡಿಗ್ರಿಗಿಂತ ಕೆಳಗಿದ್ದರೆ ಎಲೆ ಹಗಲಲ್ಲಿ ಮಾಡಿದ ಆಹಾರ ಕೆಳಕ್ಕಿಳಿದು ಗಡ್ಡೆಯಲ್ಲಿ ಶೇಖರವಾಗುತ್ತದೆ. 15ರಿಂದ 18ರ ನಡುವೆ ಇದ್ದರೆ ಇನ್ನೂ ಒಳ್ಳೆಯದು. 20 ದಾಟಿದರೆ ಗಡ್ಡೆ ಕಟ್ಟುವುದು ಕುಗ್ಗುತ್ತದೆ, ಗಿಡ ತನ್ನ ಬಲವನ್ನು ಕಾಂಡ, ಎಲೆಗೇ ಸುರಿಯುತ್ತದೆ. ಗೊಬ್ಬರ ಎಷ್ಟು ಹಾಕಿದರೂ ಈ ಕೊರತೆ ತುಂಬುವುದಿಲ್ಲ. ಚಳಿಗಾಲದ ಹಗಲು ಚಿಕ್ಕದಾಗಿರುವುದೂ ನಮಗೆ ಅನುಕೂಲವೇ, ಹಗಲು ಕಡಿಮೆಯಾದಾಗ ಗಡ್ಡೆ ಬೇಗ ಕಟ್ಟಲು ಶುರುವಾಗುತ್ತದೆ.

1. ನಿಮ್ಮ ಊರಿನ ರಾತ್ರಿಯನ್ನು ತಿಳಿದುಕೊಳ್ಳಿ

ಗರಿಷ್ಠ, ಕನಿಷ್ಠ ಎರಡನ್ನೂ ತೋರಿಸುವ ಥರ್ಮಾಮೀಟರನ್ನು ಹಿತ್ತಲಿನಲ್ಲಿ ನೆರಳಿರುವ ಕಡೆ ಎದೆಯೆತ್ತರಕ್ಕೆ ತೂಗುಹಾಕಿ. ಸಿಮೆಂಟ್ ಗೋಡೆಗೆ ತಾಗಿಸಬೇಡಿ, ಹಗಲಿನ ಕಾವು ಗೋಡೆಯಲ್ಲೇ ಉಳಿದು ರಾತ್ರಿಯ ಅಂಕಿ ತಪ್ಪು ಬರುತ್ತದೆ. ಅಕ್ಟೋಬರ್ ಎರಡನೆಯ ವಾರದಿಂದ ಬೆಳಿಗ್ಗೆ ಕನಿಷ್ಠವನ್ನು ಬರೆದಿಡುತ್ತಾ ಬನ್ನಿ. ಉಪಕರಣ ಇಲ್ಲದವರಿಗೆ ಹವಾಮಾನ ಇಲಾಖೆ ಹತ್ತಿರದ ಊರಿಗೆ ಕೊಡುವ ಅಂಕಿಯೂ ನಡೆಯುತ್ತದೆ.

ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಹವೆಯಲ್ಲಿ ಬೆಂಗಳೂರಿನ ಜೊತೆಗಾರ. ಬೆಂಗಳೂರಿನ ರಾತ್ರಿಯ ಸರಾಸರಿ ಕನಿಷ್ಠ ಅಕ್ಟೋಬರ್‌ನಲ್ಲಿ 19–20 ಡಿಗ್ರಿ, ನವೆಂಬರ್‌ನಲ್ಲಿ 17–18, ಡಿಸೆಂಬರ್ ಮತ್ತು ಜನವರಿಯಲ್ಲಿ 15–16ರ ಆಸುಪಾಸು. ಮಾರ್ಚ್‌ಗೆ ಮತ್ತೆ 20ರ ಹತ್ತಿರ ಬರುತ್ತದೆ, ಹಗಲು 32–33ಕ್ಕೆ ಏರುತ್ತದೆ. ಬ್ರಿಟಿಷರು ಲಿಟ್ಲ್ ಇಂಗ್ಲೆಂಡ್ ಎಂದು ಕರೆಯುತ್ತಿದ್ದ ಥಳಿ ಹೊಸೂರಿಗಿಂತಲೂ ತಂಪು, ದೆಂಕಣಿಕೋಟೆಯ ಮೇಲ್ನಾಡಿಗೂ ತಂಪಿನ ಕೊರತೆಯಿಲ್ಲ. ಕೃಷ್ಣಗಿರಿ ಪಟ್ಟಣ ಇದಕ್ಕಿಂತ ಬಹಳ ತಗ್ಗು. ಅಲ್ಲಿ ಒಳ್ಳೆಯ ರಾತ್ರಿಗಳು ಸಿಗುವುದು ಡಿಸೆಂಬರ್, ಜನವರಿಯಲ್ಲಿ ಮಾತ್ರ.

ಕಾಸರಗೋಡಿನ ಓದುಗರೂ ಕೇಳುತ್ತಾರೆ. ಕರಾವಳಿಯಲ್ಲಿ ಡಿಸೆಂಬರ್‌ನಲ್ಲೂ ರಾತ್ರಿ 20 ಡಿಗ್ರಿಯಿಂದ ಕೆಳಗಿಳಿಯುವುದು ಅಪರೂಪ. ಅಲ್ಲಿ ಆಲೂಗಡ್ಡೆಗೆ ಸರಿಯಾದ ಕಾಲವೇ ಇಲ್ಲ, ಹಣ ಹಾಳು ಮಾಡಬೇಡಿ. ಅದೇ ಜಾಗದಲ್ಲಿ ಸಾಂಬ್ರಾಣಿ ಗಡ್ಡೆ, ಗೆಣಸು, ಕೆಸು ಚೆನ್ನಾಗಿ ಬರುತ್ತವೆ, ರುಚಿಯಲ್ಲೂ ಸೋಲುವುದಿಲ್ಲ.

2. ಹಿಂದಕ್ಕೆ ಎಣಿಸಿ

ಇದೇ ಮುಖ್ಯ ಹಂತ. ನೆಟ್ಟ ದಿನದಿಂದ ಮುಂದಕ್ಕೆ ಎಣಿಸುವ ಬದಲು ಗಡ್ಡೆ ಕಟ್ಟುವ ದಿನಗಳಿಂದ ಹಿಂದಕ್ಕೆ ಎಣಿಸಬೇಕು.

ಮೊಳಕೆ ಬಂದ ಬೀಜ (ಆಲೂಗಡ್ಡೆಗೆ ಬೀಜ ಎಂದರೆ ಬಿತ್ತನೆಯ ಗಡ್ಡೆಯೇ) ನೆಟ್ಟರೆ 12ರಿಂದ 18 ದಿನದಲ್ಲಿ ಮಣ್ಣಿನ ಮೇಲೆ ಕಾಣಿಸಿಕೊಳ್ಳುತ್ತದೆ. 30ರಿಂದ 35ನೆಯ ದಿನದ ಹೊತ್ತಿಗೆ ಬಿಳಿ ಎಳೆಗಳ ತುದಿ ಊದತೊಡಗುತ್ತದೆ. ಅಲ್ಲಿಂದ 70ನೆಯ ದಿನದವರೆಗೆ ಗಡ್ಡೆ ದಪ್ಪವಾಗುತ್ತದೆ. ಅಂದರೆ 30ರಿಂದ 70ನೆಯ ದಿನದವರೆಗಿನ 40 ರಾತ್ರಿಗಳೇ ನಿಮ್ಮ ಬೆಳೆ. ಆ 40 ರಾತ್ರಿಗಳು ವರ್ಷದ ತಂಪಿನಲ್ಲಿ ಬೀಳಬೇಕು, ಫೆಬ್ರುವರಿ ನಡುವಿನ ಬಿಸಿಲು ಏರುವ ಮೊದಲು ಮುಗಿಯಬೇಕು.

ಹೊಸೂರಿಗೆ ಲೆಕ್ಕ ಹಾಕೋಣ. ಒಳ್ಳೆಯ ತಂಪು ಡಿಸೆಂಬರ್ ಆರಂಭದಿಂದ ಜನವರಿ ಕೊನೆಯವರೆಗೆ ಎಂದುಕೊಳ್ಳಿ. ಡಿಸೆಂಬರ್ 1ರಿಂದ 30 ದಿನ ಹಿಂದೆ ಹೋದರೆ ನವೆಂಬರ್ 1. ಜನವರಿ 31ರಿಂದ 70 ದಿನ ಹಿಂದೆ ಹೋದರೆ ನವೆಂಬರ್ 22. ಈ ಎರಡರ ನಡುವಿನ ಮೂರು ವಾರ ನಿಮ್ಮ ಕಿಟಕಿ, ಅಂದರೆ ನೆಡಲು ತೆರೆದಿರುವ ಕಾಲ. ಥಳಿಯಂಥ ಕಡೆ ಅಕ್ಟೋಬರ್ ಕೊನೆಯ ವಾರಕ್ಕೇ ತೆರೆಯುತ್ತದೆ. ಕೃಷ್ಣಗಿರಿಯಲ್ಲಿ ನವೆಂಬರ್ ಮೂರನೆಯ ವಾರಕ್ಕಿಂತ ಮುಂಚೆ ಕೈ ಹಾಕಬೇಡಿ, ಮುಂದಕ್ಕೂ ಹೆಚ್ಚು ಜಗ್ಗಬೇಡಿ. ಅಕ್ಕಲಕೋಟೆ, ಜತ್ತ ಕಡೆಯ ಬಯಲಿನಲ್ಲೂ ನವೆಂಬರ್ ಸರಿಯಾದ ತಿಂಗಳು. ಮಡಕಶಿರಾದವರು ಹೊಸೂರಿನ ಲೆಕ್ಕಕ್ಕೆ ಒಂದು ವಾರ ಕೂಡಿಸಿಕೊಂಡರೆ ಸಾಕು.

ನೀಲಗಿರಿಯ ಕಥೆ ಬೇರೆ. ಊಟಿಯ ಸುತ್ತ ಡಿಸೆಂಬರ್, ಜನವರಿಯಲ್ಲಿ ಇಬ್ಬನಿ ಹೆಪ್ಪುಗಟ್ಟಿ ಎಳೆಯ ಸೊಪ್ಪು ಸುಟ್ಟಂತೆ ಕಪ್ಪಾಗುತ್ತದೆ. ಅಲ್ಲಿ ಜನವರಿ–ಫೆಬ್ರುವರಿಯಲ್ಲಿ ನೀರಾವರಿ ಬೆಳೆ, ಮಾರ್ಚ್–ಏಪ್ರಿಲ್‌ನಲ್ಲಿ ಬೇಸಿಗೆ ಬೆಳೆ, ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಇನ್ನೊಂದು ಎಂದು ಮೂರು ಕಾಲಗಳಿವೆ. ಬಯಲಿನ ಲೆಕ್ಕವನ್ನು ಅಲ್ಲಿಗೆ ಒಯ್ಯಬೇಡಿ, ಅಲ್ಲಿಯದನ್ನು ಕೆಳಕ್ಕೂ ತರಬೇಡಿ.

3. ಮಳೆಗೆ ದಾರಿ ಬಿಡಿ

ತಂಪಿನ ಲೆಕ್ಕ ನವೆಂಬರ್ 1 ಎಂದರೂ ಆಕಾಶ ಒಪ್ಪಬೇಕು. ತಮಿಳುನಾಡಿನ ಗಡಿಯಲ್ಲಿರುವ ನಮಗೆ ಹಿಂಗಾರು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಕಾಡುತ್ತದೆ. ಮಳೆ ನಕ್ಷತ್ರದ ಲೆಕ್ಕ ಇಟ್ಟುಕೊಳ್ಳುವ ಮನೆಗಳಲ್ಲಿ ಇದನ್ನು ವಿವರಿಸುವುದು ಸುಲಭ. ಚಿತ್ತೆ ಸುಮಾರು ಅಕ್ಟೋಬರ್ 10ಕ್ಕೆ ಹುಟ್ಟಿ 23ರವರೆಗೆ ಇರುತ್ತದೆ, ಆಮೇಲೆ ನವೆಂಬರ್ 5ರವರೆಗೆ ಸ್ವಾತಿ, ನಂತರ ಹೆಚ್ಚುಕಡಿಮೆ 18ರವರೆಗೆ ವಿಶಾಖ.

ಚಿತ್ತೆಯಲ್ಲಿ ನೆಡಲೇಬೇಡಿ. ಮಣ್ಣು ಬಿಸಿ, ಮೇಲೆ ನೀರು. ಬಿಸಿ ಮಣ್ಣಿನಲ್ಲಿ ನೀರು ನಿಂತರೆ ಬಿತ್ತನೆ ಗಡ್ಡೆ ವಾರದೊಳಗೆ ಒಳಗಿನಿಂದಲೇ ಕರಗಿ ನಾರುತ್ತದೆ. ಸ್ವಾತಿ ಹನಿದು ಬಿಡುವು ಕೊಟ್ಟರೆ ಕೆಂಪು ಮಣ್ಣಿನವರು ನೆಡಬಹುದು. ಸ್ವಾತಿ ಜೋರಾಗಿ ಹೊಯ್ದರೆ ವಿಶಾಖಕ್ಕೆ ಕಾಯಿರಿ, ಕಾದದ್ದರಿಂದ ನಷ್ಟವಿಲ್ಲ. ತಾಳವಾಡಿ ಕಡೆ ಕೆಲವು ಹೊಲಗಳಲ್ಲಿ, ಸೊಲ್ಲಾಪುರದ ಬಯಲಿನಲ್ಲಿ ಇರುವಂಥ ಕಪ್ಪು ಮಣ್ಣಾದರೆ ಮಳೆ ನಿಂತ ಮೇಲೂ ಒಂದು ವಾರ ಬಿಡಬೇಕು.

ಹದ ನೋಡುವ ಬಗೆ ಹೀಗೆ. ಒಂದು ಗೇಣು ಆಳದಿಂದ ಮಣ್ಣು ತೆಗೆದು ಮುಷ್ಟಿಯಲ್ಲಿ ಒತ್ತಿ, ಕೈ ಬಿಚ್ಚಿ. ಉಂಡೆ ನಿಲ್ಲಬೇಕು, ಹೆಬ್ಬೆರಳಿನಿಂದ ತಿವಿದರೆ ಪುಡಿಯಾಗಿ ಚೆದುರಬೇಕು. ಬೆರಳ ಗುರುತು ಉಳಿದು ಅಂಗೈ ಒದ್ದೆಯಾದರೆ ಇನ್ನೂ ಹದವಾಗಿಲ್ಲ. ಉಂಡೆಯೇ ಆಗದಿದ್ದರೆ ಹಿಂದಿನ ದಿನ ನೀರು ಹಾಯಿಸಿ. ಕಾವನ್ನೂ ಹಾಗೆಯೇ ನೋಡಬಹುದು: ಮಧ್ಯಾಹ್ನ 2 ಗಂಟೆಯ ಹೊತ್ತಿಗೆ ಅದೇ ಗುಂಡಿಯ ತಳಕ್ಕೆ ಅಂಗೈ ಒತ್ತಿ ಹಿಡಿಯಿರಿ. ಬೆಚ್ಚಗೆನಿಸಿದರೆ ಇನ್ನೂ ಕೆಲವು ದಿನ ತಡೆಯಿರಿ. ಮಣ್ಣಿನ ಥರ್ಮಾಮೀಟರ್ ಇದ್ದವರಿಗೆ 20–22 ಡಿಗ್ರಿ ಸೊಗಸಾದ ಅಂಕಿ, 25ರವರೆಗೂ ಅಡ್ಡಿಯಿಲ್ಲ.

ನವೆಂಬರ್‌ನಲ್ಲಿ ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂಬ ಸುದ್ದಿ ಬಂದರೆ ನೆಡುವುದನ್ನು ನಿಲ್ಲಿಸಿ. ಚೆನ್ನೈ ಕಡೆ ಎದ್ದ ಗಾಳಿಗೆ ಹೊಸೂರಿನಲ್ಲಿ ಮೂರು ನಾಲ್ಕು ದಿನ ಜಿಟಿಜಿಟಿ ಹಿಡಿಯುವುದು ನಿಮಗೆ ಗೊತ್ತಿರುವುದೇ.

4. ಬಿತ್ತನೆ ಗಡ್ಡೆಯನ್ನು ತಿಂಗಳ ಮೊದಲೇ ಹುಡುಕಿ

ಕಾಲ ಕೂಡಿಬಂದರೂ ಬೀಜ ತಯಾರಿಲ್ಲದೆ ಕೈತಪ್ಪಿಸಿಕೊಳ್ಳುವವರೇ ಹೆಚ್ಚು. ಆಲೂಗಡ್ಡೆ ಕಿತ್ತ ಮೇಲೆ ಎರಡರಿಂದ ಎರಡೂವರೆ ತಿಂಗಳು ನಿದ್ದೆಯಲ್ಲಿರುತ್ತದೆ. ಇದನ್ನೇ ಸುಪ್ತಾವಸ್ಥೆ ಎನ್ನುತ್ತಾರೆ. ಆ ಅವಧಿಯಲ್ಲಿ ಏನು ಮಾಡಿದರೂ ಕಣ್ಣು ಒಡೆಯುವುದಿಲ್ಲ. ಮುಂಗಾರಿನಲ್ಲಿ ಬೆಳೆದು ಸೆಪ್ಟೆಂಬರ್‌ನಲ್ಲಿ ಕಿತ್ತ ಹೊಸ ಗಡ್ಡೆಯನ್ನು ನವೆಂಬರ್ ಆರಂಭದಲ್ಲಿ ನೆಟ್ಟರೆ ಮಣ್ಣಿನೊಳಗೆ ಸುಮ್ಮನೆ ಮಲಗಿರುತ್ತದೆ, ನಿಮ್ಮ ತಂಪಿನ ರಾತ್ರಿಗಳು ಮೇಲೆ ಸರಿದುಹೋಗುತ್ತವೆ.

ಬೇಕಾದದ್ದು ಹಿಂದಿನ ಚಳಿಗಾಲದಲ್ಲಿ ಪಂಜಾಬಿನ ಜಲಂಧರ್ ಕಡೆ ಬೆಳೆದು, ಶೈತ್ಯಾಗಾರದಲ್ಲಿ 2–4 ಡಿಗ್ರಿಯಲ್ಲಿ ಇಟ್ಟಿದ್ದ ಬಿತ್ತನೆ ಗಡ್ಡೆ. ಅದರ ನಿದ್ದೆ ಮುಗಿದಿರುತ್ತದೆ, ಹೊರಗೆ ಬಂದ ಒಂದೆರಡು ವಾರದಲ್ಲಿ ಮೊಳಕೆ ಹೊಡೆಯುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಬೇಸಾಯಗಾರರು ಹಿಂಗಾರಿಗೆ ಇಂಥ ಬೀಜ ತರಿಸುತ್ತಾರೆ. ಚೀಲ 50 ಕೆಜಿಯದು. ಹಿತ್ತಲಿಗೆ ಅಷ್ಟು ಬೇಡ, ನಾಲ್ಕೈದು ಮನೆಯವರು ಸೇರಿ ಒಂದು ಚೀಲ ಹಂಚಿಕೊಳ್ಳಿ. ಒಂದು ಸೆಂಟ್ ಜಾಗಕ್ಕೆ, ಅಂದರೆ ಸುಮಾರು 40 ಚದರ ಮೀಟರಿಗೆ, 40 ಗ್ರಾಂ ತೂಗುವ ಗಡ್ಡೆಗಳಾದರೆ 13 ಕೆಜಿ ಹಿಡಿಯುತ್ತದೆ. 10 ಅಡಿಗೆ 10 ಅಡಿಯ ಪಾತಿಗೆ 3 ಕೆಜಿ ಸಾಕು.

ಹೆಸರಿನಲ್ಲಿ ಕುಫ್ರಿ ಎಂದಿದ್ದರೆ ಅದು ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆಯದು. ಕುಫ್ರಿ ಶಿಮ್ಲಾ ಹತ್ತಿರದ ಒಂದು ಊರು. ಬೇಗನೆಯ ಬೆಳೆಗೆ ಕುಫ್ರಿ ಪುಖರಾಜ್ ಅಥವಾ ಕುಫ್ರಿ ಚಂದ್ರಮುಖಿ ನೋಡಿ. ನಮ್ಮ ಸುತ್ತಮುತ್ತ ಎಲ್ಲರಿಗೂ ಪರಿಚಯವಿರುವ ಕುಫ್ರಿ ಜ್ಯೋತಿ 1968ರಷ್ಟು ಹಳೆಯದು. ಅದೂ ಬರುತ್ತದೆ, ಆದರೆ ಇನ್ನೊಂದೆರಡು ವಾರ ಹೆಚ್ಚು ಕೇಳುತ್ತದೆ. ಕೃಷ್ಣಗಿರಿಯಂಥ ಬಿಸಿ ಜಾಗಕ್ಕೆ ಕುಫ್ರಿ ಸೂರ್ಯ ಸಿಕ್ಕರೆ ಬಿಡಬೇಡಿ, ರಾತ್ರಿ 20 ಡಿಗ್ರಿ ಸ್ವಲ್ಪ ದಾಟಿದರೂ ಗಡ್ಡೆ ಕಟ್ಟುವ ತಳಿ ಅದು.

ಎರಡು ಬಗೆಯ ಗಡ್ಡೆಯನ್ನು ಮಾತ್ರ ಬೀಜಕ್ಕೆ ಮುಟ್ಟಬೇಡಿ. ಒಂದು, ಅಂಗಡಿಯಿಂದ ಅಡುಗೆಗೆ ತಂದದ್ದು. ಅದರಲ್ಲಿ ನಂಜುರೋಗ ಇದೆಯೋ ಇಲ್ಲವೋ ಹೊರಗಿನಿಂದ ತಿಳಿಯುವುದಿಲ್ಲ, ಕೆಲವಕ್ಕೆ ಮೊಳಕೆ ಬಾರದಂತೆ ಔಷಧಿಯನ್ನೂ ಕೊಟ್ಟಿರುತ್ತಾರೆ. ಇನ್ನೊಂದು ಹೆಚ್ಚು ಅಪಾಯದ್ದು: ಊಟಿ ಅಥವಾ ಮೇಟುಪಾಳ್ಯಂ ಮಂಡಿಯಿಂದ ಮಣ್ಣು ಮೆತ್ತಿಕೊಂಡೇ ಬರುವ ನೀಲಗಿರಿ ಗಡ್ಡೆ. ತಾಳವಾಡಿಯವರಿಗೆ ಅದು ಕೈಗೆಟಕುವ ದೂರ, ನೋಡಲೂ ಚೆಂದ. ಆದರೆ ಆಲೂಗಡ್ಡೆಯ ಬೇರಿಗೆ ಅಂಟಿ ಬದುಕುವ ಕೋಶ ಜಂತು, ಅಂದರೆ ಕಣ್ಣಿಗೆ ಕಾಣದ ಒಂದು ಬಗೆಯ ದುಂಡುಹುಳು, ನೀಲಗಿರಿಯಲ್ಲಿ 1961ರಲ್ಲೇ ಪತ್ತೆಯಾಗಿದೆ. ಅಲ್ಲಿಂದ ಬಿತ್ತನೆ ಗಡ್ಡೆ ಹೊರಗೆ ಹೋಗದಂತೆ ನಿರ್ಬಂಧ ಇರುವುದೂ ಅದಕ್ಕಾಗಿಯೇ. ಅದರ ಮೊಟ್ಟೆಗಳು ಸಾಸಿವೆಗಿಂತ ಸಣ್ಣ ಗೂಡಿನೊಳಗೆ ವರ್ಷಗಟ್ಟಲೆ ಜೀವ ಹಿಡಿದಿರುತ್ತವೆ. ಒಮ್ಮೆ ಹಿತ್ತಲಿಗೆ ಬಂದರೆ ತೊಲಗಿಸುವ ದಾರಿಯಿಲ್ಲ. ಊಟಿ ಗಡ್ಡೆಯನ್ನು ಸಾಂಬಾರಿಗೆ ತನ್ನಿ, ತೊಳೆದ ನೀರನ್ನೂ ಪಾತಿಗೆ ಸುರಿಯಬೇಡಿ.

5. ಮೊಳಕೆ ಬರಿಸಿ

ಶೈತ್ಯಾಗಾರದಿಂದ ಬಂದ ಚೀಲವನ್ನು ತಕ್ಷಣ ಬಿಸಿಲಿಗೆ ಹಾಕಿದರೆ ಗಡ್ಡೆ ಬೆವರಿ ಕೊಳೆಯುತ್ತದೆ. ಮೊದಲ ದಿನ ನೆರಳಿನಲ್ಲಿ ಚೀಲದ ಬಾಯಿ ಬಿಚ್ಚಿಡಿ. ಮರುದಿನ ಹಣ್ಣಿನ ಕ್ರೇಟಿನಲ್ಲೋ ಮೊರದಲ್ಲೋ ಒಂದೇ ಪದರವಾಗಿ, ಕಣ್ಣು ಹೆಚ್ಚಿರುವ ತುದಿ ಮೇಲೆ ಬರುವಂತೆ ಜೋಡಿಸಿ, ನೇರ ಬಿಸಿಲು ಬೀಳದ, ಬೆಳಕಿರುವ ಪಡಸಾಲೆಯಲ್ಲಿ ಇರಿಸಿ. ಕೊಳೆತದ್ದು, ಗಾಯವಾದದ್ದು, ಮೊಳಕೆ ನೂಲಿನಂತೆ ತೆಳುವಾಗಿರುವುದು, ಇವನ್ನು ಆಗಲೇ ಆರಿಸಿ ಎಸೆಯಿರಿ. ನೂಲಿನಂಥ ಮೊಳಕೆ ನಂಜಿನ ಗುರುತಾಗಿರಬಹುದು.

ಹತ್ತು ಹದಿನೈದು ದಿನದ ಮೇಲೆ ಒಂದನ್ನು ಕೈಯಲ್ಲಿ ಹಿಡಿದು ನೋಡಿ. ಒಳ್ಳೆಯ ಮೊಳಕೆ ಮೋಟಾಗಿ, ಗಟ್ಟಿಯಾಗಿ, ಬುಡದಲ್ಲಿ ನೇರಳೆಯೋ ಹಸಿರೋ ಬಣ್ಣ ಹಿಡಿದು ಒಂದರಿಂದ ಒಂದೂವರೆ ಸೆಂಟಿಮೀಟರ್ ಇರುತ್ತದೆ. ಅದರ ಬುಡದ ಸುತ್ತ ಚುಕ್ಕೆಗಳಂತೆ ಸಣ್ಣ ಗುಬುಟುಗಳು ಕಾಣುತ್ತವೆ; ಬೇರು ಹೊರಡುವುದು ಅಲ್ಲಿಂದಲೇ. ಬೆರಳು ತಾಗಿದರೂ ಮುರಿಯುವುದಿಲ್ಲ. ಕತ್ತಲ ಕೋಣೆಯಲ್ಲಿ ಇಟ್ಟದ್ದಾದರೆ ಬೆಳ್ಳಗೆ ಉದ್ದವಾಗಿ ಎಳೆದುಕೊಂಡಿರುತ್ತದೆ, ನೆಡುವಾಗ ಅರ್ಧ ಮುರಿದುಹೋಗುತ್ತದೆ. ಬೆಳಕಿನಲ್ಲಿ ಮೊಳಕೆ ಬರಿಸಿ ನೆಟ್ಟರೆ ಒಂದು ವಾರದ ಮೇಲೆ ಉಳಿತಾಯವಾಗುತ್ತದೆ. ಮಳೆಯಿಂದಾಗಿ ನೆಡುವುದು ತಡವಾದಾಗ ಆ ವಾರವೇ ಕೈಹಿಡಿಯುವುದು. ಮೊಳಕೆ ಬಂದ ಗಡ್ಡೆಯನ್ನು ಬೆಳಕಿನಲ್ಲಿ ಇನ್ನೂ ಒಂದೆರಡು ವಾರ ಇಟ್ಟರೂ ಕೆಡುವುದಿಲ್ಲ, ಆದ್ದರಿಂದ ಮೋಡ ನೋಡಿ ಗಾಬರಿಯಾಗಬೇಡಿ.

ಬೇಗನೆಯ ಬೆಳೆಗೆ ಇಡೀ ಗಡ್ಡೆಯೇ ಮೇಲು. ಕೋಳಿಮೊಟ್ಟೆಯಷ್ಟು, 40ರಿಂದ 50 ಗ್ರಾಂ ತೂಗುವವು ಸಾಕು. ದೊಡ್ಡದನ್ನು ಕತ್ತರಿಸಲೇಬೇಕಾದರೆ ಪ್ರತಿ ಹೋಳಿಗೂ ಎರಡು ಕಣ್ಣಾದರೂ ಉಳಿಯಲಿ, ಕತ್ತರಿಸಿದ ಮೈ ಎರಡು ದಿನ ನೆರಳಿನಲ್ಲಿ ಒಣಗಿ ತೊಗಲು ಕಟ್ಟಲಿ. ಒಂದು ಗಡ್ಡೆಯಿಂದ ಇನ್ನೊಂದಕ್ಕೆ ಹೋಗುವಾಗ ಚಾಕುವನ್ನು ಕುದಿಯುವ ನೀರಿನಲ್ಲಿ ಅದ್ದಿ. ಕತ್ತರಿಸಿದ ಗಂಟೆಯಲ್ಲೇ ತೇವದ ಮಣ್ಣಿಗೆ ಹಾಕುವುದು ಕೊಳೆಗೆ ಕೊಟ್ಟ ಕರೆಯೋಲೆ.

6. ಜಾಗ

ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೇಕು, ನೀರು ನಿಲ್ಲಬಾರದು. ಇಷ್ಟು ಎಲ್ಲರಿಗೂ ಗೊತ್ತು. ಹೊಸೂರು ಸೀಮೆಯಲ್ಲಿ ನೋಡಲೇಬೇಕಾದ್ದು ಹಿಂದಿನ ಬೆಳೆಯನ್ನು. ಟೊಮೆಟೊ, ಬದನೆ, ಮೆಣಸಿನಕಾಯಿ ಇವೆಲ್ಲ ಆಲೂಗಡ್ಡೆಯ ದಾಯಾದಿಗಳು, ಒಬ್ಬರ ರೋಗ ಇನ್ನೊಬ್ಬರಿಗೆ ತಪ್ಪದು. ಹಸಿರಾಗಿದ್ದ ಟೊಮೆಟೊ ಗಿಡ ಮಧ್ಯಾಹ್ನಕ್ಕೆ ಬಾಡಿ ಮೂರು ನಾಲ್ಕು ದಿನದಲ್ಲಿ ಸತ್ತ ಜಾಗವಿದ್ದರೆ ಅಲ್ಲಿ ದುಂಡಾಣು ಸೊರಗು ರೋಗ ಮಣ್ಣಿನಲ್ಲೇ ಇದೆ ಎಂದರ್ಥ. ಆ ಪಾತಿ ಬೇಡವೇ ಬೇಡ. ರಾಗಿ, ಜೋಳ, ಈರುಳ್ಳಿ ಬೆಳೆದಿದ್ದ ಜಾಗ ಒಳ್ಳೆಯದು.

ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಚದರ ಮೀಟರಿಗೆ ಎರಡು ಮೂರು ಕೆಜಿಯಂತೆ ಬೆರೆಸಿ. ಹಸಿ ಸಗಣಿ ಹಾಕಿದರೆ ಗೊಣ್ಣೆಹುಳು ಬಂದು ಗಡ್ಡೆಗೆ ತೂತು ಕೊರೆಯುತ್ತದೆ. ಬೂದಿ, ಸುಣ್ಣವನ್ನು ಧಾರಾಳವಾಗಿ ಎರಚುವ ರೂಢಿ ಕೆಲವರಿಗಿದೆ; ಮಣ್ಣಿನ ಹುಳಿ ಇಳಿದರೆ ಸಿಪ್ಪೆಯ ಮೇಲೆ ಕಜ್ಜಿ ಏಳುತ್ತದೆ, ಅದಕ್ಕೆ ಕೈ ಬಿಗಿ ಹಿಡಿಯಿರಿ.

ತಾಳವಾಡಿ, ಅಂಚೆಟ್ಟಿ ಕಡೆ ಕಾಡಂಚಿನಲ್ಲಿ ಇರುವವರಿಗೆ ಒಂದು ಮಾತು. ಬೆಳೆಯುವ ಗಡ್ಡೆಯ ವಾಸನೆ ಕಾಡುಹಂದಿಗೆ ನಿಮಗಿಂತ ಮೊದಲೇ ತಿಳಿಯುತ್ತದೆ. ಪಾತಿಯನ್ನು ಮನೆಯ ಗೋಡೆಗೆ ಹತ್ತಿರ ಮಾಡಿ.

7. ನೆಡುವ ದಿನ

ಸಂಜೆ 4 ಗಂಟೆಯ ಮೇಲೆ ನೆಡಿ. ಸಾಲಿನಿಂದ ಸಾಲಿಗೆ 60 ಸೆಂಟಿಮೀಟರ್, ಗಡ್ಡೆಯಿಂದ ಗಡ್ಡೆಗೆ 20. ಮೊಳಕೆ ಮೇಲ್ಮುಖವಾಗಿರಲಿ, ಮೇಲೆ 5–7 ಸೆಂಟಿಮೀಟರ್ ಮಣ್ಣು ಸಾಕು. ಆಳಕ್ಕೆ ಹಾಕಿದರೆ ತಂಪಾಗಿರುತ್ತದೆ ಎಂದು ಗೇಣುದ್ದ ಹೂಳುವವರಿದ್ದಾರೆ. ಮೇಲೆ ಬರುವುದಕ್ಕೇ ತಿಂಗಳಾಗುತ್ತದೆ. ಮಳೆಯ ಭಯ ಇದ್ದರೆ ಏರು ಮಡಿ ಮಾಡಿ ಅದರ ಮೇಲೆ ನೆಡಿ, ನೀರು ಕಾಲುವೆಯಲ್ಲಿ ಹರಿದುಹೋಗಲಿ.

ಹದವಾದ ಮಣ್ಣಾದರೆ ನೆಟ್ಟ ದಿನ ನೀರು ಬೇಡ. ಮೊಳಕೆ ಮೇಲೇಳುವ ತನಕ ಒಂದೆರಡು ಸಲ ತೆಳುವಾಗಿ ಹಾಯಿಸಿದರೆ ಆಯಿತು. ಈ ಹದಿನೈದು ದಿನದಲ್ಲಿ ಹೆಚ್ಚು ನೀರಿಗೆ ಸತ್ತ ಬೀಜಗಳೇ ಹೆಚ್ಚು, ನೀರಿಲ್ಲದೆ ಸತ್ತವು ಕಡಿಮೆ. ಮೇಲೆ ಹೊಂಗೆಸೊಪ್ಪು, ಒಣಗಿದ ಎಲೆ ಹರಡಿದರೆ ಹಗಲಿನ ಕಾವು ಮಣ್ಣಿಗೆ ಇಳಿಯುವುದಿಲ್ಲ. ರಾಗಿಹುಲ್ಲು ಇದಕ್ಕಿಂತ ಚೆನ್ನಾಗಿರುತ್ತದೆ, ಆದರೆ ಹಸು ಸಾಕಿದ ಮನೆಯಲ್ಲಿ ಯಾರು ಕೊಡುತ್ತಾರೆ?

8. ಆ 40 ರಾತ್ರಿಗಳನ್ನು ಕಾಯಿರಿ

ಗಿಡ ಗೇಣುದ್ದವಾದಾಗ, ಅಂದರೆ 25ರಿಂದ 30 ದಿನದ ಹೊತ್ತಿಗೆ, ಬುಡಕ್ಕೆ ಮಣ್ಣು ಏರಿಸಿ. ಎರಡು ವಾರದ ಮೇಲೆ ಇನ್ನೊಮ್ಮೆ. ಬಿಳಿ ಎಳೆಗಳಿಗೆ ಬೆಳಕು ತಾಗಿದರೆ ಅವು ಗಡ್ಡೆಯಾಗುವ ಬದಲು ಎಲೆ ಬಿಟ್ಟು ಮೇಲೇಳುತ್ತವೆ. ಹೊರಗೆ ಇಣುಕಿದ ಗಡ್ಡೆ ಹಸಿರಾಗುತ್ತದೆ. ಹಸಿರಾದದ್ದರಲ್ಲಿ ಸೊಲನೈನ್ ಎಂಬ ವಿಷ ಸೇರಿರುತ್ತದೆ, ಬೇಯಿಸಿದರೂ ಹೋಗುವುದಿಲ್ಲ. ಮಕ್ಕಳಿರುವ ಮನೆಯಲ್ಲಿ ಅದನ್ನು ಕಸಕ್ಕೆ ಹಾಕಿ.

30ನೆಯ ದಿನದಿಂದ ನೀರು ತಪ್ಪಬಾರದು. ಕೆಂಪು ಮಣ್ಣಿಗೆ ಐದಾರು ದಿನಕ್ಕೊಮ್ಮೆ, ಕಪ್ಪಿಗೆ ಎಂಟು ಹತ್ತು ದಿನಕ್ಕೊಮ್ಮೆ. ಒಂದು ವಾರ ಒಣಗಿಸಿ ಆಮೇಲೆ ಕಾಲುವೆ ತುಂಬ ಬಿಟ್ಟರೆ ಗಡ್ಡೆ ಸೀಳುತ್ತದೆ, ಇಲ್ಲವೇ ಗುಬುಟು ಗುಬುಟಾಗಿ ಬೆಳೆಯುತ್ತದೆ.

ಈ ದಿನಗಳ ದೊಡ್ಡ ಶತ್ರು ಅಂಗಮಾರಿ. ಎಲೆಯ ಅಂಚಿನಲ್ಲಿ ನೀರಿನಲ್ಲಿ ನೆನೆದಂಥ ಕಡು ಕಲೆ ಮೂಡಿ ಬೇಗನೆ ಕಂದಾಗುತ್ತದೆ. ಬೆಳಗಿನ ಇಬ್ಬನಿ ಆರುವ ಮುನ್ನ ಎಲೆ ಮಗುಚಿ ನೋಡಿದರೆ ಕಲೆಯ ಸುತ್ತ ಬಿಳಿಯ ಬೂಷ್ಟು ತೆಳುವಾಗಿ ಕಾಣುತ್ತದೆ. ತಂಪು, ತೇವ, ಮೋಡ ಮೂರೂ ಸೇರಿದರೆ ವಾರದೊಳಗೆ ಇಡೀ ಪಾತಿ ನೆಲಕ್ಕೆ ಮಲಗುತ್ತದೆ. ಕಲೆ ಕಂಡ ಮೇಲೆ ಮದ್ದು ಹುಡುಕುವುದು ತಡ. ಎರಡು ದಿನ ಬಿಸಿಲು ಕಾಣದೆ ಜಿಟಿಜಿಟಿ ಹಿಡಿದರೆ ಬಿಡುವು ನೋಡಿ ಶೇಕಡಾ 1ರ ಬೋರ್ಡೋ ದ್ರಾವಣ ಸಿಂಪಡಿಸಿ. ಲೀಟರಿಗೆ 10 ಗ್ರಾಂ ಮೈಲುತುತ್ತ, 10 ಗ್ರಾಂ ಸುಟ್ಟ ಸುಣ್ಣ. ಎರಡನ್ನೂ ಬೇರೆ ಬೇರೆ ನೀರಿನಲ್ಲಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಪ್ಲಾಸ್ಟಿಕ್ ಬಕೆಟ್ ಬಳಸಿ, ಕಬ್ಬಿಣದ್ದು ಬೇಡ. ಅಂಗಡಿಯ ಮ್ಯಾಂಕೋಜೆಬ್ ಆದರೆ ಲೀಟರಿಗೆ 2 ಗ್ರಾಂ. ಕೀಳುವುದಕ್ಕೆ ಎಷ್ಟು ದಿನ ಮೊದಲು ನಿಲ್ಲಿಸಬೇಕೆಂದು ಪೊಟ್ಟಣದ ಮೇಲೆ ಬರೆದಿರುವುದನ್ನು ಪಾಲಿಸಿ. ಸಂಜೆ ಎಲೆಯ ಮೇಲೆ ನೀರು ಚಿಮುಕಿಸುವ ಅಭ್ಯಾಸವಿದ್ದರೆ ಬಿಟ್ಟುಬಿಡಿ, ನೀರು ಬುಡಕ್ಕೇ ಹೋಗಲಿ.

9. ತಡವಾಯಿತು, ಏನು ಮಾಡಲಿ?

ವಿಶಾಖವೂ ಬಿಡಲಿಲ್ಲ, ನವೆಂಬರ್ 25 ಆಯಿತು ಎಂದುಕೊಳ್ಳಿ. ಮೊಳಕೆ ಚೆನ್ನಾಗಿ ಬಂದ ಇಡೀ ಗಡ್ಡೆಯಿದ್ದು, ಬೇಗ ಬರುವ ತಳಿಯಾಗಿದ್ದರೆ ಹೊಸೂರು, ಥಳಿಯಲ್ಲಿ ಡಿಸೆಂಬರ್ ಮೊದಲ ವಾರದವರೆಗೂ ನೆಡಬಹುದು. ಗಡ್ಡೆ ಸ್ವಲ್ಪ ಸಣ್ಣದಾಗುತ್ತದೆ, ಅಂಗಮಾರಿಯ ಕಾಟ ಕಡಿಮೆಯಾಗುತ್ತದೆ. ಡಿಸೆಂಬರ್ 10 ದಾಟಿದರೆ ಕೈಬಿಡಿ. ಸಂಕ್ರಾಂತಿಗೆ ನೆಟ್ಟು ಯುಗಾದಿಗೆ ಕೀಳುತ್ತೇನೆ ಎಂಬ ಹಟ ಬೇಡ: ಆಗ ಗಡ್ಡೆ ದಪ್ಪವಾಗಬೇಕಾದ ದಿನಗಳಲ್ಲಿ ಹೆಚ್ಚಿನವು ಮಾರ್ಚ್‌ನ ಬಿಸಿಲಿಗೆ ಬೀಳುತ್ತವೆ, ಜೊತೆಗೆ ಗಡ್ಡೆ ಕೊರೆಯುವ ಪತಂಗ ಕಾದಿರುತ್ತದೆ. ಆ ಪಾತಿಗೆ ಹುರುಳಿಕಾಯಿಯನ್ನೋ ಮೂಲಂಗಿಯನ್ನೋ ಹಾಕಿ.

10. ಕೀಳುವುದು

60ನೆಯ ದಿನದ ಮೇಲೆ ಸಾಲಿನ ಅಂಚಿನ ಒಂದು ಗಿಡದ ಬುಡವನ್ನು ಕೈಯಿಂದಲೇ ಕೆದಕಿ ನೋಡಿ. ನಿಂಬೆಹಣ್ಣಿಗಿಂತ ದೊಡ್ಡದಾಗಿದ್ದರೆ ಅವತ್ತಿನ ಪಲ್ಯಕ್ಕೆ ಎರಡು ಮೂರು ತೆಗೆದುಕೊಂಡು ಮಣ್ಣು ಮುಚ್ಚಿ, ಗಿಡ ಮುಂದುವರಿಯುತ್ತದೆ. ಹೆಬ್ಬೆರಳಿನಿಂದ ಉಜ್ಜಿದರೆ ಸಿಪ್ಪೆ ಸುಲಿದು ಬರುವ ಈ ಎಳೆಯ ಗಡ್ಡೆಗೇ ಬೇಗನೆಯ ಬೆಳೆಯ ಕಷ್ಟವೆಲ್ಲ. ಇದು ನಾಲ್ಕೈದು ದಿನಕ್ಕಿಂತ ಹೆಚ್ಚು ಇರುವುದಿಲ್ಲ, ಬೇಕಾದಷ್ಟೇ ಕೀಳಿ.

ಕೆಲವು ವಾರ ಇಟ್ಟು ತಿನ್ನಬೇಕಾದರೆ 75–80ನೆಯ ದಿನ ನೀರು ನಿಲ್ಲಿಸಿ, ಸೊಪ್ಪನ್ನು ನೆಲಮಟ್ಟಕ್ಕೆ ಕೊಯ್ದು ಹೊರಗೆ ಹಾಕಿ. ಹತ್ತು ದಿನದಲ್ಲಿ ಸಿಪ್ಪೆ ಬಲಿಯುತ್ತದೆ. ಬೆಳಿಗ್ಗೆ ಅಗೆದು, ನೆರಳಿನಲ್ಲಿ ಆರಿಸಿ, ತೊಳೆಯದೆ ಕತ್ತಲ ಕೋಣೆಯಲ್ಲಿ ಗೋಣಿ ಹಾಸಿ ಹರಡಿ. ರಾತ್ರಿ ಹೊಲದಲ್ಲಿ ಬಿಟ್ಟ ರಾಶಿಗೆ ಪತಂಗ ಮೊಟ್ಟೆ ಇಡುತ್ತದೆ, ಅಗೆದ ದಿನವೇ ಒಳಗೆ ತನ್ನಿ.

ಚೆನ್ನಾಗಿ ಬಂದ ನಾಲ್ಕು ಗಡ್ಡೆಯನ್ನು ಮುಂದಿನ ವರ್ಷದ ಬೀಜಕ್ಕೆ ಎತ್ತಿಡುವ ಆಸೆ ಎಲ್ಲರಿಗೂ ಆಗುತ್ತದೆ. ಫೆಬ್ರುವರಿಯಲ್ಲಿ ಕಿತ್ತದ್ದು ನವೆಂಬರ್‌ವರೆಗೆ ಒಂಬತ್ತು ತಿಂಗಳು ಇರಬೇಕು, ನಡುವೆ ಇಡೀ ಬೇಸಿಗೆ. ಶೈತ್ಯಾಗಾರವಿಲ್ಲದೆ ಮನೆಯಲ್ಲಿ ಅದು ಜೂನ್ ಹೊತ್ತಿಗೇ ಮೊಳೆತು ಸುಕ್ಕಾಗಿರುತ್ತದೆ. ಅವನ್ನೂ ತಿಂದುಬಿಡಿ, ಸೆಪ್ಟೆಂಬರ್‌ನಲ್ಲಿ ಜೊತೆಯವರನ್ನು ಕೂಡಿಸಿಕೊಂಡು ಹೊಸ ಚೀಲಕ್ಕೆ ಹೇಳಿಡಿ.